ಉಪ್ಪಣ್ಣನ ತಟ್ಟೆ

ಉಪ್ಪಣ್ಣನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಯಾರಾದರೂ ಅದನ್ನು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಶಾಂಪೂ ತಯಾರಿಸುವ ನಮ್ಮ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ದೊಡ್ಡ ಹಂಡೆಯ ಮುಂದೆ ನಿಂತು, ಪ್ರತಿಯೊಂದು ಪಾಕಕ್ಕೂ ಕೊನೆಯಲ್ಲಿ ಉಪ್ಪು ಹಾಕುತ್ತಿದ್ದವನು ಅವನು. ಆದ್ದರಿಂದ ಉಪ್ಪಣ್ಣ. ಎದುರಿಗಿದ್ದಾಗ ನಾನು ಅವನನ್ನು ನೀವು ಎಂದೇ ಮಾತಾಡಿಸುತ್ತಿದ್ದೆ. ಸತ್ತ ಮೇಲೆ ನನ್ನ ಮಟ್ಟಿಗೆ ಅವನು 'ಅವನು' ಆಗಿಬಿಟ್ಟಿದ್ದಾನೆ. ದಿನಾ ಮನಸ್ಸಿನೊಳಗೆ ಮಾತಾಡಿಸುವವರ ಜೊತೆ ಬಹುವಚನ ಬಹಳ ದಿನ ನಡೆಯುವುದಿಲ್ಲ.

ಅವನ ಬಗ್ಗೆ ಬರೆಯುವ ಯೋಗ್ಯತೆ ನಿನಗಿದೆಯಾ ಎಂದು ಯಾರಾದರೂ ಕೇಳಿದರೆ, ಇಲ್ಲ. ಆದರೂ ಬರೆಯುತ್ತಿದ್ದೇನೆ. ಕೊನೆಗಾಲದಲ್ಲಿ ಅವನ ಕೈ ಅವನಿಗೆ ಮೋಸ ಮಾಡಿತು ಎಂದು ಶೆಡ್ಡಿನವರೆಲ್ಲ ಇವತ್ತಿಗೂ ನಂಬಿದ್ದಾರೆ. ಅದು ಸುಳ್ಳು. ಆ ಸುಳ್ಳನ್ನು ಬೆಳೆಯಲು ಬಿಟ್ಟವಳು ನಾನು.

ಶೆಡ್ಡು ಎಂದರೆ ಶೀಟಿನ ಮಾಡಿನ ಒಂದು ಉದ್ದನೆಯ ಹಾಲ್. ಒಂದು ತುದಿಯಲ್ಲಿ ನೀಲಿ ಡ್ರಮ್ಮುಗಳ ಸಾಲು. ನಡುವೆ ಸಾವಿರದ ಐನೂರು ಲೀಟರಿನ ಸ್ಟೀಲ್ ಹಂಡೆ, ಅದಕ್ಕೆ ಒರಗಿಸಿದ ಮೂರು ಮೆಟ್ಟಿಲಿನ ಕಬ್ಬಿಣದ ಏಣಿ. ಇನ್ನೊಂದು ತುದಿಯಲ್ಲಿ ಬಾಟಲಿ ತುಂಬಿ ಮುಚ್ಚಳ ತಿರುಗಿಸುವ ಹೆಂಗಸರ ಮೇಜು. ಮೂಲೆಯಲ್ಲಿ ಗಾಜಿನ ಗೋಡೆ ಹಾಕಿ ಮಾಡಿದ ಹತ್ತಡಿ ಜಾಗ ನನ್ನ ಲ್ಯಾಬು. ಚರಂಡಿಯಲ್ಲಿ ಸದಾ ನೊರೆ, ಗಾಳಿಯಲ್ಲಿ ಸದಾ ಕೃತಕ ಸೇಬಿನ ವಾಸನೆ. ಸೇರಿದ ಒಂದೇ ವಾರದಲ್ಲಿ ನನ್ನ ಊಟದ ಡಬ್ಬಿ, ದುಪ್ಪಟ್ಟ, ತಲೆದಿಂಬು ಎಲ್ಲವೂ ಸೇಬಿನ ವಾಸನೆ ಹೊಡೆಯತೊಡಗಿದವು. ಅಂದಿನಿಂದ ನಾನು ಸೇಬು ತಿಂದಿಲ್ಲ.

ಆಗ ನನಗೆ ಇಪ್ಪತ್ತನಾಲ್ಕು. ಡಿಗ್ರಿ ತಲೆಗೇರಿತ್ತು. ಮೊದಲ ದಿನವೇ ಉಪ್ಪಣ್ಣ ಹಂಡೆಯಿಂದ ಇಳಿದು ಬಂದು, ಗಾಜಿನ ಬಾಗಿಲು ತಟ್ಟಿ, ನೇರವಾಗಿ ಏಕವಚನದಲ್ಲೇ ಶುರು ಮಾಡಿದ.

"ಏನು ಓದಿದ್ದೀಯಮ್ಮ?"

"ಕೆಮಿಸ್ಟ್ರಿ."

"ಹಾಗಾದ್ರೆ ಹೇಳು ನೋಡೋಣ, ಎಣ್ಣೆ ನೀರು ಯಾಕೆ ಸೇರಲ್ಲ?"

ನಾನು ಐದು ನಿಮಿಷ ಬಿಡದೆ ವಿವರಿಸಿದೆ. ಅವನು ತಾಳ್ಮೆಯಿಂದ ತಲೆಯಾಡಿಸಿದ.

"ಸರಿ ಸರಿ. ನಾವಿಲ್ಲಿ ಅವೆರಡಕ್ಕೂ ಮಾತುಕತೆ ಇಲ್ಲ ಅಂತೀವಿ, ಅಷ್ಟೇ. ಮಧ್ಯಸ್ಥಿಕೆಗೆ ಒಬ್ಬ ಬೇಕು. ಅವನೇ ಈ ಪೇಸ್ಟು." ಒಂದು ನೀಲಿ ಡ್ರಮ್ಮಿನ ಕಡೆ ಕೈ ತೋರಿಸಿದ. "ಇದರ ಒಂದೊಂದು ಕಣಕ್ಕೂ ಒಂದು ತಲೆ, ಒಂದು ಬಾಲ. ತಲೆಗೆ ನೀರು ಅಂದ್ರೆ ಪ್ರಾಣ. ಬಾಲಕ್ಕೆ ನೀರು ಕಂಡ್ರೆ ಆಗಲ್ಲ, ಎಣ್ಣೆ ಬೇಕು. ಕೂದಲಲ್ಲಿ ಜಿಡ್ಡಿದೆಯಲ್ಲ, ಬಾಲಗಳೆಲ್ಲ ಹೋಗಿ ಅದಕ್ಕೆ ಚುಚ್ಚಿಕೊಳ್ತವೆ. ತಲೆಗಳು ಹೊರಗೇ ಇರ್ತವೆ. ಆಮೇಲೆ ನೀರು ಹೊಯ್ದ್ರೆ ತಲೆಗಳು ನೀರಿನ ಹಿಂದೆ ಹೊರಟುಬಿಡ್ತವೆ, ಜಿಡ್ಡನ್ನೂ ಎಳ್ಕೊಂಡು. ಅಷ್ಟೇ ಕಣಮ್ಮ ಶಾಂಪೂ. ಉಳಿದಿದ್ದೆಲ್ಲ ಬಣ್ಣ, ವಾಸನೆ, ಬಾಟಲಿ ಮೇಲಿನ ಹುಡುಗಿ."

ಪುಸ್ತಕದಲ್ಲಿ ಇದಕ್ಕೆ ಸರ್ಫ್ಯಾಕ್ಟೆಂಟ್ ಎಂದು ಹೆಸರು. ಮೂರು ಅಧ್ಯಾಯ ಓದಿ ಪಾಸಾಗಿದ್ದೆ. ಮೂರು ಅಧ್ಯಾಯವನ್ನೂ ಅವನು ಒಂದು ಬೀಡಿ ಸೇದುವಷ್ಟು ಹೊತ್ತಿನಲ್ಲಿ ಮುಗಿಸಿದ್ದ. ನನಗೆ ಮೈಯೆಲ್ಲ ಉರಿಯಿತು.

"ಇದೆಲ್ಲ ಯಾರು ಹೇಳಿಕೊಟ್ರು ನಿಮಗೆ?"

"ನಿನಗಿಂತ ಮುಂಚೆ ಮೂರು ಜನ ಲ್ಯಾಬಿನವರನ್ನ ನೋಡಿದ್ದೀನಿ. ಎಲ್ಲರೂ ಮೊದಲ ದಿನ ಐದೈದು ನಿಮಿಷ ಮಾತಾಡಿದ್ರು. ಬೇಕಾದಷ್ಟು ಹಿಡ್ಕೊಂಡೆ."

ಆ ದಿನದಿಂದ ನನ್ನ ಹೆಸರು ಲ್ಯಾಬಮ್ಮ ಆಯಿತು. ಯಜಮಾನರೂ ಹಾಗೇ ಕರೆಯತೊಡಗಿದರು.

ಅವನಿಗೆ ನೊರೆಯ ಬಗ್ಗೆ ಗೌರವವಿರಲಿಲ್ಲ. "ಕೊಳೆ ಹೋಗೋದಕ್ಕೂ ನೊರೆಗೂ ಸಂಬಂಧ ಇಲ್ಲ. ಆದ್ರೆ ನೊರೆ ಬರದಿದ್ರೆ ಜನ ನಂಬಲ್ಲ, ಮೂಗು ಮುರೀತಾರೆ. ಅದಕ್ಕೇ ಬೀಟೇನ್ ಹಾಕೋದು. ನೊರೆನೂ ನಿಲ್ಲುತ್ತೆ, ಪೇಸ್ಟಿನ ಒರಟುತನಾನೂ ಒಂದಿಷ್ಟು ತಗ್ಗುತ್ತೆ" ಎನ್ನುತ್ತಿದ್ದ. ಅವನಿಗೆ ನಿಜವಾಗಿ ಭಕ್ತಿಯಿದ್ದದ್ದು ಉಪ್ಪಿನ ಮೇಲೆ. ಅಡುಗೆಮನೆಯ ಉಪ್ಪೇ, ನೀರಿನಲ್ಲಿ ಕರಗಿಸಿದ್ದು. ಎಲ್ಲ ಬೆರೆಸಿ ಮುಗಿದ ಮೇಲೂ ಹಂಡೆಯಲ್ಲಿರುವ ಮಾಲು ತೆಳ್ಳಗೇ ಇರುತ್ತದೆ. ಪೇಸ್ಟಿನ ಕಣಗಳು ಬಾಲಗಳನ್ನು ಒಳಗೆ ಮಾಡಿಕೊಂಡು, ತಲೆಗಳನ್ನು ಹೊರಗಿಟ್ಟು, ಗುಂಡು ಗುಂಡಾಗಿ ಗುಂಪು ಕೂತಿರುತ್ತವೆ. ಉಪ್ಪು ಬಿದ್ದರೆ ಆ ಗುಂಡುಗಳು ಉದ್ದುದ್ದ ಎಳೆಗಳಾಗಿ, ಒಂದಕ್ಕೊಂದು ಸಿಕ್ಕು ಬೀಳುತ್ತವೆ. ಆಗ ಶಾಂಪೂ ಗಟ್ಟಿಯಾಗುತ್ತದೆ. ಆದರೆ ಅದಕ್ಕೊಂದು ಮಿತಿಯಿದೆ. ಮಿತಿ ದಾಟಿ ಉಪ್ಪು ಬಿತ್ತೋ, ಗಟ್ಟಿಯಾಗಿದ್ದದ್ದು ತಿರುಗಿ ತೆಳ್ಳಗಾಗುತ್ತದೆ. ತೆಳ್ಳಗಾಯಿತಲ್ಲ ಎಂದು ಗಾಬರಿಯಿಂದ ಇನ್ನಷ್ಟು ಹಾಕಿದರೆ ಮುಗಿಯಿತು, ನೀರೇ.

ಆ ಮಿತಿಯನ್ನು ಹಿಡಿಯುವುದರಲ್ಲಿ ಉಪ್ಪಣ್ಣನದು ಎತ್ತಿದ ಕೈ. ಅವನ ಹತ್ತಿರ ಒಂದು ಹಳೆಯ ಸ್ಟೀಲ್ ತಟ್ಟೆ ಇತ್ತು, ಅಂಚು ನೆಗ್ಗಿದ್ದು. ಹಂಡೆಯಿಂದ ಒಂದು ಹನಿ ತೆಗೆದು ಅದರ ಮೇಲೆ ಬಿಡುತ್ತಿದ್ದ. ತಟ್ಟೆಯನ್ನು ಕಿಟಕಿಯ ಕಟ್ಟೆ ಮೇಲಿಟ್ಟು ಸುಮ್ಮನೆ ನಿಲ್ಲುತ್ತಿದ್ದ. ಎಷ್ಟೇ ಅವಸರವಿದ್ದರೂ ಆ ಎರಡು ನಿಮಿಷ ಅವನದೇ. "ಆರಲಿ ಬಿಡು. ಬಿಸಿಯಲ್ಲಿ ಎಲ್ಲವೂ ತೆಳ್ಳಗೇ ಕಾಣೋದು" ಎನ್ನುತ್ತಿದ್ದ. ಆಮೇಲೆ ಆರಿದ ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ನಿಧಾನವಾಗಿ ಬಿಡಿಸುತ್ತಿದ್ದ. ಎಳೆ ಎಷ್ಟು ಉದ್ದ ಬರುತ್ತದೆ, ಯಾವಾಗ ತುಂಡಾಗುತ್ತದೆ, ಬೆರಳಿಗೆ ಏನು ಹೇಳುತ್ತದೆ, ಅದೇ ಅವನ ಅಳತೆ. ನನ್ನ ಲ್ಯಾಬಿನಲ್ಲಿ ಕಡ್ಡಿ ತಿರುಗಿಸಿ ಗಟ್ಟಿತನ ಅಳೆಯುವ ಯಂತ್ರವಿತ್ತು. ಅವನು ಸಾಕು ಎಂದ ಮೇಲೆ ನಾನು ಅಳೆದು ಅಂಕಿ ಬರೆದುಕೊಳ್ಳಬೇಕು, ಅಷ್ಟೇ. ಮಾಲು ಕೊಳ್ಳಲು ಬಂದವರಿಗೆ ಯಜಮಾನರು ಮೊದಲು ತೋರಿಸುತ್ತಿದ್ದದ್ದೂ ಯಂತ್ರವನ್ನಲ್ಲ, ಉಪ್ಪಣ್ಣನ ಕೈಯನ್ನು.

ಆ ಕೈಗೊಂದು ಇತಿಹಾಸವಿತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವನು ಬಟ್ಟೆ ಸೋಪು ಬೇಯಿಸುವ ಕಡೆ ಸೇರಿದ್ದ. ಅಲ್ಲಿ ಸೋಪನ್ನು ನಾಲಿಗೆ ತುದಿಗೆ ಮುಟ್ಟಿಸಿ ನೋಡಬೇಕಿತ್ತಂತೆ. ಚುರ್ ಎಂದರೆ ಕಾಸ್ಟಿಕ್ ಸೋಡಾ ಇನ್ನೂ ಉಳಿದಿದೆ, ಮತ್ತೆ ಬೇಯಿಸು. "ಆರು ವರ್ಷ ಊಟದ ರುಚಿಯೇ ಗೊತ್ತಾಗಲಿಲ್ಲ. ಮದುವೆಯಾದ ಹೊಸದರಲ್ಲಿ ಅವಳು ಏನು ಬಡಿಸಿದ್ರೂ ಚೆನ್ನಾಗಿದೆ ಅಂತಿದ್ದೆ. ಎಂಥಾ ಒಳ್ಳೆ ಗಂಡ ಅಂದ್ಕೊಂಡ್ಲು ಪಾಪ" ಎಂದು ನಗುತ್ತಿದ್ದ. ಅವನ ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದವರು. ನಾನು ಅವರನ್ನು ಅತ್ತಿಗೆ ಎನ್ನುತ್ತಿದ್ದೆ. ಹೆಣ್ಣು ನೋಡಲು ಬಂದಾಗ ಅವನ ಉಗುರು ಅಷ್ಟು ಶುಭ್ರವಾಗಿದ್ದದ್ದನ್ನು ಕಂಡು, ಕೂತು ತಿನ್ನುವ ಮನೆಯ ಹುಡುಗನಿರಬೇಕು ಎಂದು ತಮ್ಮ ಕಡೆಯವರು ಮೋಸಹೋದದ್ದನ್ನು ಅತ್ತಿಗೆ ನನಗೆ ಎಷ್ಟೋ ಸಲ ಹೇಳಿದ್ದರು.

ಆದರೆ ಪೇಸ್ಟಿಗೆ ಕೊಳೆಯ ಜಿಡ್ಡು ಯಾವುದು, ಚರ್ಮದ ಜಿಡ್ಡು ಯಾವುದು ಎಂದು ಗೊತ್ತಾಗುವುದಿಲ್ಲ. ಸಿಕ್ಕಿದ್ದನ್ನು ಎಳೆದುಕೊಂಡು ಹೋಗುತ್ತದೆ. ಬಾಟಲಿಯಲ್ಲಿ ನೀರು ಬೆರೆತು ತಲೆಗೆ ಬಿದ್ದು ಅರ್ಧ ನಿಮಿಷದಲ್ಲಿ ತೊಳೆದುಹೋಗುವ ಪೇಸ್ಟು ಬೇರೆ, ಡ್ರಮ್ಮಿನಲ್ಲಿ ಗಟ್ಟಿಯಾಗಿ ಕೂತು ಮೂವತ್ತು ವರ್ಷ ಬರಿಗೈಗೆ ಮೆತ್ತಿದ ಪೇಸ್ಟು ಬೇರೆ. ಯಜಮಾನರು ಕೈಗವಸು ಕೊಡಿಸಿರಲಿಲ್ಲ ಎಂದಲ್ಲ. ಕೊಡಿಸಿದ್ದರು. ಅವನೇ ಹಾಕುತ್ತಿರಲಿಲ್ಲ. ಕೈಗವಸು ಹಾಕಿದರೆ ಹನಿ ಮಾತಾಡುವುದಿಲ್ಲ ಎನ್ನುತ್ತಿದ್ದ. ಚಳಿಗಾಲದಲ್ಲಿ ಅವನ ಬೆರಳುಗಳು ಗೆಣ್ಣು ಗೆಣ್ಣಿಗೆ ಬಿರಿಯುತ್ತಿದ್ದವು. ಅಂಗೈ ದಪ್ಪಗಾಗಿ, ಹಳದಿ ತಿರುಗಿ, ಹೊಳೆಯುತ್ತಿತ್ತು.

ನಾನು ಸೇರಿ ನಾಲ್ಕು ವರ್ಷವಾಗಿದ್ದಾಗ ಶೆಡ್ಡಿಗೆ ಹೆಬ್ಬೆಟ್ಟು ಒತ್ತುವ ಹಾಜರಿ ಮೆಷಿನ್ ಬಂತು. ಎಲ್ಲರ ಹೆಬ್ಬೆಟ್ಟಿಗೂ ಹಸಿರು ದೀಪ, ಉಪ್ಪಣ್ಣನದಕ್ಕೆ ಕೆಂಪು. ಹತ್ತು ಬೆರಳನ್ನೂ ಒತ್ತಿಸಿ ನೋಡಿದರು. ಹತ್ತಕ್ಕೂ ಕೆಂಪು. ಗೆರೆಗಳೇ ಸವೆದುಹೋಗಿದ್ದವು. "ನೋಡು, ಮೂವತ್ತು ವರ್ಷದಿಂದ ಬರ್ತಿರೋನನ್ನ ನಿನ್ನೆ ಬಂದ ಡಬ್ಬ ಯಾರು ನೀನು ಅಂತಿದೆ" ಎಂದು ಅವನು ನಗಿಸಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅದೇ ದಿನ ಮಧ್ಯಾಹ್ನ ಆಗತಾನೇ ಕುದಿಸಿ ಸುರಿದ ಚಹಾದ ಸ್ಟೀಲ್ ಲೋಟವನ್ನು ನಾನು ಕರವಸ್ತ್ರ ಸುತ್ತಿ ಹಿಡಿದಿದ್ದೆ. ಅವನು ಬರಿಗೈಯಲ್ಲಿ ಹಿಡಿದು ಹರಟುತ್ತಾ ನಿಂತಿದ್ದ. ಸಂಜೆ ನೋಡಿದರೆ ಅವನ ಬೆರಳ ತುದಿಯಲ್ಲಿ ಬೊಬ್ಬೆ.

ಅವನನ್ನು ಲ್ಯಾಬಿಗೆ ಕರೆದು ಬಾಗಿಲು ಹಾಕಿದೆ.

"ಉಪ್ಪಣ್ಣ, ಬೆರಳಿಗೆ ಸ್ಪರ್ಶ ಇಲ್ವಾ?"

ಅವನು ಬೊಬ್ಬೆಯೆದ್ದ ಬೆರಳನ್ನು ಅಂಗೈಯೊಳಗೆ ಮಡಚಿಕೊಂಡ. ಆಮೇಲೆ, "ಪೂರ್ತಿ ಇಲ್ಲ ಅಂತೇನಿಲ್ಲ. ಬಂದು ಹೋಗಿ ಮಾಡುತ್ತೆ. ಡಾಕ್ಟ್ರು ಚರ್ಮ ಸತ್ತಿದೆ ಅಂದ್ರು. ಸಕ್ಕರೆ ಕಾಯಿಲೆ ಬೇರೆ ಸೇರ್ಕೊಂಡಿದೆಯಂತೆ" ಎಂದ.

"ಮತ್ತೆ ಪಾಕ ಹೇಗೆ ಹಿಡೀತಿದ್ದೀರಿ?"

"ಹನಿ ಹರಿಯೋದನ್ನ ಕಣ್ಣಲ್ಲಿ ನೋಡ್ತೀನಿ. ಕಲಕೋ ರೆಕ್ಕೆ ಸದ್ದು ಭಾರ ಆಗುತ್ತಲ್ಲ, ಅದನ್ನ ಕೇಳ್ತೀನಿ. ಉಳಿದಿದ್ದು ಅಂದಾಜು." ಅವನ ದನಿ ಇಳಿಯಿತು. "ಯಜಮಾನ್ರಿಗೆ ಹೇಳಬೇಡ ತಾಯಿ. ಇನ್ನು ಎರಡು ವರ್ಷ ಇದೆ ನಿವೃತ್ತಿಗೆ. ಹೋಗೋ ದಿನ ನಾನು ಹಂಡೆ ಮುಂದೇನೇ ನಿಂತಿರಬೇಕು. ಅಷ್ಟೊಂದು ಆಸೆ ಇಟ್ಕೊಂಡಿದ್ದೀನಿ. ಹಂಡೆ ಬಿಟ್ರೆ ನಾನ್ಯಾರು ಹೇಳು?"

ಬಾಯಿಬಿಡುವುದಿಲ್ಲ ಎಂದು ಮಾತು ಕೊಟ್ಟೆ. ಅಷ್ಟೇ ಅಲ್ಲ, ಉಪಾಯವನ್ನೂ ಹುಡುಕಿದೆ. ಅವನು ಎಂದಿನಂತೆ ತಟ್ಟೆ, ಹನಿ, ಬೆರಳಿನ ಆಟ ನಡೆಸುತ್ತಿರುವಾಗ ನಾನು ಒಳಗೆ ಯಂತ್ರದಲ್ಲಿ ಅಳೆದುಬಿಡುವುದು. ಹೊರಗೆ ಬಂದು ಗಾಜಿನ ಕಡ್ಡಿಯಿಂದ ಏಣಿಯನ್ನು ತಟ್ಟುವುದು. ಒಂದು ಸಲ ತಟ್ಟಿದರೆ ಇನ್ನಷ್ಟು ಉಪ್ಪು ಬೇಕು, ಎರಡು ಸಲ ತಟ್ಟಿದರೆ ಸಾಕು. ಎಂಟು ತಿಂಗಳು ಯಾರಿಗೂ ಗುಮಾನಿ ಬರಲಿಲ್ಲ. ಎರಡು ಸಲ ತಟ್ಟಿದಾಗ ಅವನು ಬೆರಳ ನಡುವಿನ ಎಳೆಯನ್ನು ಬೆಳಕಿಗೆ ಹಿಡಿದು, "ಹಾಂ, ಬಂತು" ಎನ್ನುತ್ತಿದ್ದ, ನನ್ನ ಕಡೆ ನೋಡದೆ. ನನಗೆ ಅದರಲ್ಲೊಂದು ಹೆಮ್ಮೆಯಿತ್ತು. ಮೊದಲ ದಿನ ನನ್ನ ಮೂರು ಅಧ್ಯಾಯವನ್ನು ಗಾಳಿಗೆ ತೂರಿದವನು ಈಗ ನನ್ನ ಅಂಕಿಯ ಮೇಲೆ ನಿಂತಿದ್ದಾನೆ ಎಂಬ ಕೊಳಕು ಹೆಮ್ಮೆ. ಬರೆಯಲು ಕೂತ ಮೇಲೆ ಅದನ್ನೂ ಬರೆಯಬೇಕು.

ಆಮೇಲೆ ಆ ದಿನ ಬಂತು. ಅವತ್ತು ಮಾಡುತ್ತಿದ್ದದ್ದು ಮುತ್ತಿನ ಹೊಳಪಿನ ಶಾಂಪೂ. ನಮ್ಮ ಉಳಿದ ಪಾಕಗಳೆಲ್ಲ ತಣ್ಣೀರಿನಲ್ಲೇ ಆಗುತ್ತಿದ್ದವು, ಕಲಕಿದ್ದಕ್ಕೆ ಕೊಂಚ ಬೆಚ್ಚಗಾದರೆ ಅಷ್ಟೇ. ಇದಕ್ಕೆ ಮಾತ್ರ ಹೊಳಪು ಕೊಡುವ ಮೇಣದ ಚಕ್ಕೆಗಳು ಕರಗಬೇಕು, ಅದಕ್ಕಾಗಿ ಹಂಡೆಯನ್ನು ಬಿಸಿ ಮಾಡಬೇಕು. ಒಂದು ದಿನ ಬಿಸಿ ಮಾಡಿ, ಆರಲು ಬಿಟ್ಟು, ಮಾರನೆಯ ದಿನ ಉಪ್ಪು ಹಾಕುವುದು ಪದ್ಧತಿ. ಆದರೆ ಕೊಳ್ಳುವವರು ಮರುದಿನ ಬೆಳಿಗ್ಗೆಯೇ ನೋಡಲು ಬರುತ್ತಾರೆ ಎಂದು ಯಜಮಾನರು ಅವಸರ ಮಾಡಿದರು. ನನಗೆ ನನ್ನದೇ ಅವಸರ. ಒಂದು ದೊಡ್ಡ ಕಂಪನಿಯ ಲ್ಯಾಬಿನಲ್ಲಿ ಮೂರು ಗಂಟೆಗೆ ಸಂದರ್ಶನವಿತ್ತು. ಯಾರಿಗೂ ಹೇಳಿರಲಿಲ್ಲ. ಎರಡಕ್ಕೆ ಹೊರಡಬೇಕಿತ್ತು.

ಒಂದೂವರೆಗೆ ಎಂದಿನಷ್ಟು ಜಗ್ಗು ಉಪ್ಪುನೀರು ಹಾಕಿಯಾಗಿತ್ತು. ಮಾದರಿಯನ್ನು ಯಂತ್ರಕ್ಕಿಟ್ಟೆ. ತೆಳ್ಳಗಿದೆ ಎಂದಿತು. ಏಣಿಯನ್ನು ಒಂದು ಸಲ ತಟ್ಟಿದೆ. ಉಪ್ಪಣ್ಣ ಇನ್ನೆರಡು ಜಗ್ಗು ಹಾಕಿದ. ಮತ್ತೆ ಅಳೆದೆ. ಇನ್ನೂ ತೆಳ್ಳಗೆ. ಮತ್ತೆ ಒಂದು ಸಲ ತಟ್ಟಿದೆ. ಅವನು ಜಗ್ಗು ಎತ್ತಲಿಲ್ಲ. ಏಣಿಯಿಂದ ಬಗ್ಗಿ ಸಣ್ಣ ದನಿಯಲ್ಲಿ ಹೇಳಿದ:

"ಲ್ಯಾಬಮ್ಮ, ಸಾಕು ಅನ್ಸುತ್ತೆ. ರೆಕ್ಕೆ ಸದ್ದು ಆಗಲೇ ಭಾರ ಆಗಿದೆ, ಇನ್ನು ಹಾಕಿದ್ರೆ ಹಗುರ ಆಗುತ್ತೆ. ಹಂಡೆ ಇನ್ನೂ ಬೆಚ್ಚಗಿದೆ. ತಟ್ಟೆ ಮೇಲೆ ಹನಿ ಬಿಟ್ಟಿದ್ದೀನಿ, ಎರಡು ನಿಮಿಷ ಆರಲಿ."

"ಆರೋದಕ್ಕೆಲ್ಲ ಟೈಮಿಲ್ಲ. ಮೆಷಿನ್ ತೆಳ್ಳಗಿದೆ ಅಂತಿದೆ."

"ಎರಡೇ ನಿಮಿಷ ಕಣೇ."

ಗಡಿಯಾರ ನೋಡಿದೆ. ರೇಗಿಹೋಯಿತು.

"ನಿಮ್ಮ ಬೆರಳಿಗೆ ಈಗೇನು ಗೊತ್ತಾಗುತ್ತೆ ಉಪ್ಪಣ್ಣ? ಸುಮ್ನೆ ಹಾಕಿ."

ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಅಂದೆ. ಅವನಿಗೆ ಕೇಳಿಸಿತು. ಒಂದು ಕ್ಷಣ ನನ್ನ ಮುಖ ನೋಡಿದ. ಕೋಪವಿರಲಿಲ್ಲ ಆ ನೋಟದಲ್ಲಿ. ಮರೆತಿದ್ದ ವಿಷಯವನ್ನು ಯಾರೋ ನೆನಪಿಸಿದ ಹಾಗಿತ್ತು. ಆಮೇಲೆ ಕಿಟಕಿಯ ಕಟ್ಟೆಯ ಮೇಲಿದ್ದ ತಟ್ಟೆಯನ್ನು ತೆಗೆದು, ಹನಿಯನ್ನು ಬಟ್ಟೆಯಲ್ಲಿ ಒರೆಸಿ, ನಾಲ್ಕು ಜಗ್ಗು ಉಪ್ಪುನೀರು ಹಾಕಿದ. ನಾನು ಅಳೆಯುವ ಗೋಜಿಗೂ ಹೋಗದೆ ಎರಡು ಸಲ ತಟ್ಟಿ, ದಾಖಲೆ ಪುಸ್ತಕದಲ್ಲಿ ಒಂದು ಒಪ್ಪುವ ಅಂಕಿ ಬರೆದು, ಪಕ್ಕದಲ್ಲಿ ಮಾದರಿಯ ಉಷ್ಣತೆ ಎಂಬಲ್ಲಿ ರೂಢಿಯಂತೆ ಇಪ್ಪತ್ತೈದು ಡಿಗ್ರಿ ಎಂದು ಗೀಚಿ, ಬಸ್ಸಿಗೆ ಓಡಿದೆ.

ಸಂದರ್ಶನದಲ್ಲಿ ಮೂರು ಜನ ಕೂತಿದ್ದರು. ಎಲ್ಲ ಸಲೀಸಾಗಿ ನಡೆಯಿತು. ಕೊನೆಯಲ್ಲಿ ಒಬ್ಬರು ಕೇಳಿದರು: "ಶಾಂಪೂ ಗಟ್ಟಿತನ ಅಳೆಯೋ ಮುಂಚೆ ಮೊದಲು ಏನು ನೋಡ್ತೀರಿ?"

"ಮಾದರಿಯ ಉಷ್ಣತೆ" ಎಂದೆ, ಥಟ್ಟನೆ. "ಬಿಸಿ ಇದ್ರೆ ಇರೋದಕ್ಕಿಂತ ತೆಳ್ಳಗೆ ತೋರಿಸುತ್ತೆ."

ಅಂದು ಮುಗಿಸುವಷ್ಟರಲ್ಲಿ ಬೆಚ್ಚಗಿದ್ದ ಹಂಡೆ, ನಾನು ಗೀಚಿದ್ದ ಇಪ್ಪತ್ತೈದು ಎರಡೂ ಕಣ್ಣ ಮುಂದೆ ಬಂದವು. ಅವರು ಇನ್ನೇನು ಕೇಳಿದರೋ, ನಾನು ಏನು ಹೇಳಿದೆನೋ ನೆನಪಿಲ್ಲ. ಆ ಕೆಲಸ ಸಿಗಲೂ ಇಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ, ಆರಿದ ಮೇಲೆ ಹೇಗೋ ಗಟ್ಟಿಯಾಗಿಬಿಡುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಉಪ್ಪು ಮಿತಿ ದಾಟಿದ ಮೇಲೆ ಆರಿದರೂ ಗಟ್ಟಿಯಾಗುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಯಜಮಾನರು ಬಂದವರಿಬ್ಬರನ್ನು ಹಂಡೆಯ ಹತ್ತಿರ ನಿಲ್ಲಿಸಿಕೊಂಡಿದ್ದರು. ಸೌಟು ಮುಳುಗಿಸಿ ಎತ್ತಿದರು. ಸೌಟಿನಿಂದ ಮಾಲು ಚಳಚಳನೆ ನೀರಿನಂತೆ ಸುರಿಯಿತು. ಇನ್ನೊಂದು ಸಲ ಎತ್ತಿದರು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಜಮಾನರ ಕಿವಿ ಕೆಂಪಾಯಿತು.

"ಏನಿದು? ಲ್ಯಾಬಮ್ಮ, ನಿನ್ನ ಪುಸ್ತಕ ತಾ."

ಪುಸ್ತಕ ತಂದೆ. ಇಪ್ಪತ್ತೈದು ಡಿಗ್ರಿ ಎಂಬ ನನ್ನ ಅಕ್ಷರ ನನ್ನನ್ನೇ ನೋಡುತ್ತಿತ್ತು. ಹೇಳಲು ಬಾಯಿ ತೆರೆದೆ. ನಿಜವಾಗಿ ತೆರೆದೆ. ಅಷ್ಟರಲ್ಲಿ ಉಪ್ಪಣ್ಣ ಡ್ರಮ್ಮುಗಳ ಕಡೆಯಿಂದ ಬಂದು ಎರಡೂ ಕೈಯನ್ನು ಯಜಮಾನರ ಮುಂದೆ ಹಿಡಿದ.

"ಪುಸ್ತಕ ಬೇಡ ಯಜಮಾನ್ರೆ. ನನ್ನ ಕೈ ಹೋಗಿದೆ. ವರ್ಷದ ಮೇಲಾಯ್ತು. ನಿಮಗೆ ಹೇಳಲಿಲ್ಲ, ತಪ್ಪಾಯ್ತು. ನಿನ್ನೆ ನನಗೆ ಸಾಕು ಅನ್ಸಿತ್ತು, ನೋಡಿದ್ರೆ ಆ ಅನಿಸಿಕೆನೂ ಸರಿಯಿಲ್ಲ. ಇನ್ನು ನನ್ನನ್ನ ಹಂಡೆಗೆ ನಿಲ್ಲಿಸಬೇಡಿ."

ನನ್ನನ್ನು ಉಳಿಸಲು ಹಾಗಂದನೇ ಎಂದು ಎಷ್ಟೋ ದಿನ ಯೋಚಿಸಿದ್ದೇನೆ. ಹಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಕೊನೆಯ ಮಾತನ್ನು ಮನಸಾರೆ ಆಡಿದ್ದ. ಸಾಕು ಎಂದು ಅವನಿಗೆ ಅನ್ನಿಸಿದ್ದು ನಿಜ, ಹಂಡೆ ನೀರಾಗಿದ್ದದ್ದೂ ನಿಜ. ಯಂತ್ರ ಸುಳ್ಳು ಹೇಳಿರಬಹುದು ಎಂದು ಅವನಿಗೆ ಹೊಳೆಯಲೇ ಇಲ್ಲ. ಓದಿದವಳು ತಪ್ಪಿರಬಹುದು ಎಂದೂ ಹೊಳೆಯಲಿಲ್ಲ. ಹಾಗಾಗಿ ತಪ್ಪು ತನ್ನದೇ ಇರಬೇಕು ಎಂದು ಒಪ್ಪಿಕೊಂಡ. ನಾನು ತೆರೆದ ಬಾಯಿಯನ್ನು ಮುಚ್ಚಿದೆ.

ಶಾಂಪೂ ಹಾಳಾಗಲಿಲ್ಲ. ಅಂಥ ಪಾಕವನ್ನು ಮುಂದಿನ ಪಾಕಗಳಿಗೆ ಸ್ವಲ್ಪ ಸ್ವಲ್ಪ ಬೆರೆಸಿ ಮುಗಿಸಬಹುದು. ಎರಡು ತಿಂಗಳಲ್ಲಿ ಮುಗಿಸಿದೆವು ಕೂಡ. ಆ ಎರಡು ತಿಂಗಳು ಉಪ್ಪಣ್ಣ ಹೆಂಗಸರ ಜೊತೆ ಮೇಜಿನಲ್ಲಿ ಕೂತು ಮುಚ್ಚಳ ತಿರುಗಿಸಿದ. ಮುಚ್ಚಳ ಬೆರಳಿಗೆ ನಿಲ್ಲದೆ ಜಾರಿ ನೆಲಕ್ಕೆ ಬಿದ್ದು ಉರುಳುತ್ತಿತ್ತು. ಹೆಂಗಸರು ಏನೂ ಅನ್ನದೆ ಎತ್ತಿಕೊಡುತ್ತಿದ್ದರು. ಏನಾದರೂ ಅಂದಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಹಂಡೆಯ ಕಡೆ ಅವನು ಬೆನ್ನು ಹಾಕಿ ಕೂರುತ್ತಿದ್ದ. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದುಕೊಂಡು ಬರುತ್ತಿದ್ದೆ. ದಿನಾ ಸಂಜೆ ನಾಳೆ ಎಂದುಕೊಂಡು ಹೋಗುತ್ತಿದ್ದೆ. ಹೇಳಿದರೆ ನನ್ನ ಕೆಲಸ ಹೋಗುತ್ತದೆ ಎಂಬ ಭಯ ಒಂದು. ಅದಕ್ಕಿಂತ ದೊಡ್ಡದು, ಅವನು ಮತ್ತೊಮ್ಮೆ ಆ ಏಣಿಯ ಮೇಲಿನ ನೋಟ ನೋಡುತ್ತಾನೆ ಎಂಬ ಭಯ.

ಒಂದು ಸೋಮವಾರ ಅವನು ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ತಟ್ಟೆ ಇದ್ದ ಜಾಗ ಖಾಲಿಯಾಗಿತ್ತು. ಶನಿವಾರವೇ ಅದನ್ನು ಚೀಲಕ್ಕೆ ಹಾಕಿಕೊಂಡು ಹೋಗಿದ್ದನಂತೆ.

ಎರಡು ಸಲ ಅವನ ಮನೆಯ ಬೀದಿಯವರೆಗೆ ಹೋಗಿ, ತಿರುವಿನಲ್ಲಿ ನಿಂತು, ವಾಪಸ್ಸು ಬಂದೆ. ಹನ್ನೊಂದು ತಿಂಗಳ ನಂತರ, ಬೆಳಿಗ್ಗೆ ಮುಖ ತೊಳೆಯುತ್ತಿದ್ದವನು ಹಾಗೇ ಕುಸಿದು ಹೋದನೆಂದು ಸುದ್ದಿ ಬಂತು. ಯಜಮಾನರು ಯಂತ್ರಗಳನ್ನು ಅರ್ಧ ದಿನ ನಿಲ್ಲಿಸಿದರು. "ಏನು ಕೈಗುಣ ಇತ್ತು ಅವನದು. ಕೊನೆಗೆ ಕೈಯೇ ಮೋಸ ಮಾಡ್ತು" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಮೂರನೆಯ ವಾರ ಅತ್ತಿಗೆಯನ್ನು ನೋಡಲು ಹೋದೆ. ಮೊದಲ ಮಹಡಿಯ ಎರಡು ಕೋಣೆಯ ಮನೆ. ಕಿಟಕಿಯ ಪಕ್ಕದಲ್ಲಿ ಹೊಲಿಗೆ ಮಷಿನ್, ಗೋಡೆಗೆ ಒತ್ತಿಕೊಂಡ ಮಂಚ, ಮಂಚದ ಕೆಳಗೆ ಅವನ ಚಪ್ಪಲಿ. ಅತ್ತಿಗೆ ಇಳಿದುಹೋಗಿದ್ದರು. ಆದರೂ ನನ್ನನ್ನು ನೋಡಿ ಮುಖ ಅರಳಿಸಿದರು.

"ಬಾರಮ್ಮ. ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು. ನಿನ್ನ ಮಾತೇ ಆಡ್ತಿದ್ರು."

ನೀರು ತಂದುಕೊಟ್ಟು ಮಷಿನ್ನಿನ ಸ್ಟೂಲಿನ ಮೇಲೆ ಕೂತರು. ಕಪಾಟಿನಿಂದ ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ತೆಗೆದು ನನ್ನ ಮಡಿಲಲ್ಲಿಟ್ಟರು. ಬಿಚ್ಚುವ ಮೊದಲೇ ಅಂಚಿನ ನೆಗ್ಗು ಕೈಗೆ ಸಿಕ್ಕಿತು.

"ಇದು ಲ್ಯಾಬಮ್ಮನಿಗೆ ಸೇರಬೇಕು ಅಂತಿದ್ರು. ದಿನಾ ಬೆಳಿಗ್ಗೆ ಎದ್ದು ಇದರ ಮೇಲೆ ಒಂದು ಹನಿ ಶಾಂಪೂ ಬಿಟ್ಕೊಂಡು ಕೂರೋರು. ಒಂದೊಂದೇ ಬೆರಳು ಇಟ್ಟು ನೋಡೋರು. ಹತ್ತೂ ಬೆರಳು. 'ಇವತ್ತೂ ಇಲ್ಲ ಕಣೇ' ಅನ್ನೋರು. ನಾನು ಬೈದೆ, ಸಾಕು ಬಿಡಿ, ಯಾಕೆ ಹೀಗೆ ಜೀವ ತಿನ್ಕೋತೀರಿ ಅಂತ. 'ಅಲ್ಲ ಕಣೇ, ಬೆರಳು ಹೋಗಿದ್ದು ಗೊತ್ತಿತ್ತು. ಆದ್ರೆ ಅವತ್ತು ಕಣ್ಣು ಕಿವಿನೂ ಸುಳ್ಳು ಹೇಳಿದ್ವಲ್ಲ, ಮೂವತ್ತು ವರ್ಷ ನಾನು ಕಲಿತಿದ್ದಾದ್ರೂ ಏನು' ಅಂತಿದ್ರು. ಹೋಗೋ ಹಿಂದಿನ ದಿನಾನೂ ಅದೇ ಮಾತು. ನಿನ್ನ ಮೇಲೆ ಒಂಚೂರೂ ಕೋಪ ಇರಲಿಲ್ಲಮ್ಮ. ಅವಳು ಸರಿಯಾಗೇ ಹೇಳಿದ್ಲು ಅಂತಿದ್ರು."

ತಟ್ಟೆ ನನ್ನ ಮಡಿಲಲ್ಲಿ ತಣ್ಣಗಿತ್ತು. ಇನ್ನು ಒಂದು ಕ್ಷಣವೂ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಹಂಡೆ ಬಿಸಿಯಿದ್ದದ್ದು, ನಾನು ಬಿಸಿಯಲ್ಲೇ ಅಳೆದದ್ದು, ಇಪ್ಪತ್ತೈದು ಎಂದು ಬರೆದದ್ದು. ಅವನ ಕಿವಿ ಸರಿಯಾಗೇ ಕೇಳಿತ್ತು, ಸಾಕು ಎಂದದ್ದು ಸರಿಯಾಗಿತ್ತು, ಆ ಎರಡು ನಿಮಿಷ ಬಿಟ್ಟಿದ್ದರೆ ಅದು ಅವನು ಹಿಡಿದ ಪಾಕಗಳಲ್ಲೇ ಒಳ್ಳೆಯ ಪಾಕವಾಗುತ್ತಿತ್ತು ಎಂದೆ. ಅದೇ ದಿನ ಮೂರು ಗಂಟೆಗೇ ನನಗೆ ಗೊತ್ತಾಗಿತ್ತು ಎಂಬುದನ್ನೂ ಹೇಳಿದೆ. ಅಳುತ್ತಾ ಹೇಳಿದೆ. ಅಳು ನನ್ನ ಸಲುವಾಗಿಯೇ ಇತ್ತು ಎಂದು ಹೇಳುವಾಗಲೇ ಗೊತ್ತಾಗುತ್ತಿತ್ತು.

ನಾನು ಮುಗಿಸಿದ ಮೇಲೂ ಅತ್ತಿಗೆ ಮಷಿನ್ನಿನ ಸೂಜಿಯ ಕೆಳಗಿದ್ದ ಬಟ್ಟೆಯನ್ನೇ ನೋಡುತ್ತಾ ಕೂತಿದ್ದರು. ಕೆಳಗೆ ಬೀದಿಯಲ್ಲಿ ಯಾರೋ ಗಾಡಿ ಸ್ಟಾರ್ಟ್ ಮಾಡಲು ಒದೆಯುತ್ತಿದ್ದರು, ಅದು ಹತ್ತುತ್ತಿರಲಿಲ್ಲ. ಕೊನೆಗೆ ಅತ್ತಿಗೆ ಮಾತಾಡಿದರು. ದನಿಯಲ್ಲಿ ಬಿರುಸಿರಲಿಲ್ಲ.

"ಇದನ್ನ ಅವರಿಗೆ ಹೇಳಬೇಕಿತ್ತಲ್ಲಮ್ಮ."

ಎದ್ದು ಬಂದು ನನ್ನ ಮಡಿಲಿನಿಂದ ತಟ್ಟೆಯನ್ನು ತೆಗೆದುಕೊಂಡರು. ಸೆರಗಿನಿಂದ ಅದನ್ನು ಒಂದು ಸಲ ಒರೆಸಿ, ಕಿಟಕಿಯ ಕಟ್ಟೆಯ ಮೇಲಿಟ್ಟರು. ಆಮೇಲೆ ಸ್ಟೂಲಿಗೆ ಮರಳಿ, ನನಗೆ ಬೆನ್ನು ಮಾಡಿ ಹೊಲಿಯತೊಡಗಿದರು.